ಹೊಸ ವೆಬ್‌ಸೈಟ್ ಬಂತು, ಫೋನ್ ಬರೋದು ನಿಂತೋಯ್ತು: ಗೂಗಲ್‌ನಲ್ಲಿ ಜಾಗ ಕಳ್ಕೊಳ್ಳದೆ ಹಳೇ ಸೈಟ್ ಬದಲಾಯಿಸೋದು ಹೇಗೆ?

ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯೊಂದರ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.



ಇವತ್ತಿನ ವಿಷಯ ನಮ್ಮ ಕೋಲಾರದ ಕಡೆ ಸುಮಾರು ಮನೆಗಳಲ್ಲಿ ನಡೆಯೋದು. ಮನೇಲಿ ಒಬ್ಬ ಹುಡುಗನಿಗೋ ಹುಡುಗಿಗೋ ಸ್ವಲ್ಪ ಕಂಪ್ಯೂಟರ್ ಗೊತ್ತು ಅಂತಾದ್ರೆ ಸಾಕು, ಯಾರಾದ್ರೂ ನೆಂಟರು ಬಂದು ಕೇಳ್ತಾರೆ: "ನಮ್ಮ ವೆಬ್‌ಸೈಟ್ ಹಳೇದಾಗೈತೆ, ಒಂಚೂರು ಹೊಸದಾಗಿ ಮಾಡ್ಕೊಡಪ್ಪಾ." ಮಾಲೂರಲ್ಲಿ ಹೆಂಚು-ಇಟ್ಟಿಗೆ ವ್ಯಾಪಾರ ಇರಬಹುದು, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇರಬಹುದು, ಮುಳಬಾಗಿಲಲ್ಲಿ ಹೋಟೆಲ್ ಇರಬಹುದು. ಕೆಲಸ ಸುಲಭ ಅನ್ಸುತ್ತೆ. ನನಗೂ ಹಾಗೇ ಅನ್ಸಿತ್ತು.

ಹೇಗೆ ಕೆಡಿಸಿದೆ ಅಂತ ಮೊದಲು ಹೇಳಿಬಿಡ್ತೀನಿ. ಆಮೇಲೆ ಸರಿಯಾಗಿ ಮಾಡೋದು ಹೇಗೆ ಅನ್ನೋದನ್ನ ನೋಡೋಣ.

ನಾನು ಮಾಡಿದ ಎಡವಟ್ಟು

ಮಾಲೂರಿನ ಕಡೆ ನಮ್ಮ ಮಾವ ಹೆಂಚು, ಇಟ್ಟಿಗೆ, ಮಣ್ಣಿನ ಜಾಲಿ ಮಾರ್ತಾರೆ. ಅವರ ಹಳೇ ಸೈಟ್ ನೋಡೋಕೆ ಭಯಂಕರವಾಗಿತ್ತು. ಓಡೋ ಅಕ್ಷರಗಳು, ಕೆಳಗಡೆ ಎಷ್ಟು ಜನ ನೋಡಿದ್ರು ಅಂತ ತೋರಿಸೋ ಕೌಂಟರ್, ಮೊಬೈಲಲ್ಲಿ ತೆಗೆದ್ರೆ ಭೂತಗನ್ನಡಿ ಬೇಕು. ಆದ್ರೆ ಅದರಲ್ಲಿ ಒಂದೊಂದು ಸರಕಿಗೂ ಒಂದೊಂದು ಪುಟ ಇತ್ತು. ಹೆಂಚಿನ ಅಳತೆ ಎಷ್ಟು, ತೂಕ ಎಷ್ಟು, 100 ಚದರ ಅಡಿಗೆ ಎಷ್ಟು ಬೇಕು, ಲಾರಿಗೆ ಎಷ್ಟು ಹಿಡಿಯುತ್ತೆ, ಎಲ್ಲಾ ಉದ್ದಕ್ಕೆ ಬರೆದಿತ್ತು.

ನಾನು ಅದನ್ನೆಲ್ಲಾ ಕಿತ್ತಾಕಿ ಒಂದೇ ಪುಟದ ಸೈಟ್ ಮಾಡಿದೆ. ದೊಡ್ಡದೊಂದು ಫೋಟೋ, ಮೇಲೆ ಎರಡು ಸಾಲು ಘೋಷವಾಕ್ಯ, ಅಳತೆ-ತೂಕ ಎಲ್ಲಾ ಒಂದು ಚಿತ್ರದೊಳಗೆ. ಮನೆಯವರೆಲ್ಲಾ ಭೇಷ್ ಅಂದ್ರು.

ಮೂರನೇ ವಾರಕ್ಕೆ ಮಾವ ಫೋನ್ ಮಾಡಿದ್ರು. "ಸೈಟ್ ಚೆನ್ನಾಗೈತಪ್ಪಾ. ಆದ್ರೆ ಫೋನೇ ಬರ್ತಿಲ್ವಲ್ಲೋ."

ಬೇಸಿಗೆ ಅದು. ಮಳೆ ಬರೋ ಮುಂಚೆ ಮನೆ ಕಟ್ಟೋರು, ಮಾಡು ಹೊದಿಸೋರು ಹೆಂಚು ಹುಡುಕೋ ಕಾಲ. ಬೆಂಗಳೂರು, ಹೊಸೂರು ಕಡೆಯಿಂದ ಗೂಗಲ್‌ನಲ್ಲಿ ನೋಡಿ ಫೋನ್ ಮಾಡ್ತಿದ್ದೋರು ಒಬ್ಬರೂ ಇಲ್ಲ. ಆ ಸೀಸನ್ ಅವರಿಗೆ ಕೈಗೆ ಹತ್ತಲಿಲ್ಲ. ಅವರು ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಗೂಗಲ್‌ಗೆ ಗೊತ್ತಿರೋದು ವಿಳಾಸ

ಏನಾಯ್ತು ಅಂತ ಅರ್ಥ ಮಾಡ್ಕೊಳ್ಳೋಕೆ ಒಂದು ಅಂಗಡಿ ನೆನಸ್ಕೊಳ್ಳಿ. ಕೋಲಾರ ಬಸ್ ಸ್ಟ್ಯಾಂಡ್ ಹತ್ರ 15 ವರ್ಷದಿಂದ ಇರೋ ಅಂಗಡಿ. ಮಾಲೀಕರು ಎದುರು ರಸ್ತೆಗೆ ಹೋದ್ರು. ಹಳೇ ಶಟರ್ ಮೇಲೆ "ಅಂಗಡಿ ಎದುರು ರಸ್ತೆಗೆ ಸ್ಥಳಾಂತರಗೊಂಡಿದೆ" ಅಂತ ಬೋರ್ಡ್ ಹಾಕಿದ್ರೆ ಗಿರಾಕಿ ನಾಲ್ಕು ಹೆಜ್ಜೆ ಜಾಸ್ತಿ ನಡೀತಾನೆ. ಬೋರ್ಡ್ ಇಲ್ಲ ಅಂದ್ರೆ ಮುಚ್ಚಿಹೋಗಿದೆ ಅಂದ್ಕೊಂಡು ಪಕ್ಕದ ಅಂಗಡಿಗೆ ಹೋಗ್ತಾನೆ.

ವೆಬ್‌ಸೈಟ್‌ನ ಪ್ರತಿಯೊಂದು ಪುಟಕ್ಕೂ ಒಂದು ವಿಳಾಸ ಇರುತ್ತೆ. ಮೇಲ್ಗಡೆ ಪಟ್ಟಿಯಲ್ಲಿ ಕಾಣುತ್ತಲ್ಲ, ಯುಆರ್‌ಎಲ್, ಅದು. ಗೂಗಲ್ ನೆನಪಿಟ್ಕೊಳ್ಳೋದು, ಬೇರೆ ಸೈಟ್‌ನೋರು ಲಿಂಕ್ ಕೊಡೋದು ಆ ವಿಳಾಸಕ್ಕೆ. ವರ್ಷಗಟ್ಟಲೆ ಗಳಿಸಿದ ಹೆಸರು ಒಂದೊಂದು ಪುಟದ ವಿಳಾಸದ ಮೇಲೆ ಕೂತಿರುತ್ತೆ. ನಾನು ಹಳೇ ವಿಳಾಸಗಳನ್ನೆಲ್ಲಾ ಅಳಿಸಿದೆ, ಶಟರ್ ಮೇಲೆ ಬೋರ್ಡ್ ಹಾಕ್ಲಿಲ್ಲ. ಗೂಗಲ್ ಬಂದು ನೋಡ್ತು, "404, ಪುಟ ಸಿಗಲಿಲ್ಲ" ಅಂತ ಬಂತು. ನಾಲ್ಕು ಸಲ ಬಂದು ನೋಡಿ, ಆ ಪುಟಗಳನ್ನ ಪಟ್ಟಿಯಿಂದ ತೆಗೆದುಹಾಕ್ತು. ತಪ್ಪು ಅದರದಲ್ಲ.

ಬಣ್ಣ ಬದಲಾಯಿಸಿ, ಫೋಟೋ ಬದಲಾಯಿಸಿ, ತೊಂದರೆ ಇಲ್ಲ. ವಿಳಾಸ ಮತ್ತು ಆ ವಿಳಾಸದಲ್ಲಿದ್ದ ಮಾತು, ಇವೆರಡನ್ನೂ ಕಾಪಾಡಿ. ಇವತ್ತಿನ ಎಪಿಸೋಡ್‌ನಲ್ಲಿ ನೆನಪಿಡಬೇಕಾದ್ದು ಇಷ್ಟೇ.

ಮೊದಲು ಪಟ್ಟಿ, ಆಮೇಲೆ ಡಿಸೈನ್

ಹಳೇ ಸೈಟ್ ಮುಟ್ಟೋ ಮುಂಚೆ ಮೂರು ಕೆಲಸ ಮಾಡಿ.

ಒಂದು, ಕೀಲಿ ಯಾರ ಹತ್ರ ಇದೆ ನೋಡಿ. ಡೊಮೇನ್, ಅಂದ್ರೆ ಡಾಟ್ ಕಾಮ್ ಅಥವಾ ಡಾಟ್ ಇನ್ ಹೆಸರು, ಯಾರ ಇಮೇಲ್‌ನಲ್ಲಿ ನೋಂದಣಿ ಆಗಿದೆ? ಸುಮಾರು ಕಡೆ ಅದು ಸೈಟ್ ಮಾಡಿಕೊಟ್ಟವರ ಹೆಸರಲ್ಲೇ ಇರುತ್ತೆ, ಅವರು ಫೋನ್ ಎತ್ತಲ್ಲ. ಅದನ್ನ ಮಾಲೀಕರ ಹೆಸರಿಗೆ ಮಾಡಿಸಿಕೊಳ್ಳದೆ ಮುಂದೆ ಹೋಗ್ಬೇಡಿ.

ಎರಡು, ಗೂಗಲ್ ಸರ್ಚ್ ಕನ್ಸೋಲ್ ಜೋಡಿಸಿ. ಇದು ಗೂಗಲ್‌ನ ಉಚಿತ ಸಾಧನ. ಹಿಂದೆ ವೆಬ್‌ಮಾಸ್ಟರ್ ಟೂಲ್ಸ್ ಅಂತ ಇತ್ತು, 2015ರಲ್ಲಿ ಹೆಸರು ಬದಲಾಯ್ತು. ಜನ ಏನು ಟೈಪ್ ಮಾಡಿ ನಿಮ್ಮ ಸೈಟ್‌ಗೆ ಬರ್ತಾರೆ, ಯಾವ ಪುಟಕ್ಕೆ ಬರ್ತಾರೆ ಅನ್ನೋದು ಇಲ್ಲಿ ಕಾಣುತ್ತೆ. 16 ತಿಂಗಳ ಲೆಕ್ಕ ಸಿಗುತ್ತೆ, ಆದ್ರೆ ಜೋಡಿಸಿದ ದಿನದ ಹಿಂದಿನದು ಪೂರ್ತಿ ಸಿಗುತ್ತೆ ಅಂತ ನಂಬ್ಕೊಂಡು ಕೂರಬೇಡಿ. ಹೊಸ ಸೈಟ್‌ಗೆ ಒಂದೆರಡು ತಿಂಗಳು ಮುಂಚೆನೇ ಜೋಡಿಸಿ, ಆ ಲೆಕ್ಕವನ್ನ ಶೀಟ್‌ಗೆ ಇಳಿಸಿಟ್ಟುಕೊಳ್ಳಿ.

ಮೂರು, ಹಳೇ ಸೈಟ್‌ನ ಎಲ್ಲಾ ಪುಟಗಳ ವಿಳಾಸ ಪಟ್ಟಿ ಮಾಡಿ. ಪಿಡಿಎಫ್ ಬೆಲೆಪಟ್ಟಿಗಳನ್ನೂ ಸೇರಿಸಿ, ಅವಕ್ಕೂ ವಿಳಾಸ ಇರುತ್ತೆ. ಒಂದು ಕಾಲಂನಲ್ಲಿ ಹಳೇ ವಿಳಾಸ, ಪಕ್ಕದಲ್ಲಿ ಅದಕ್ಕೆ ಹೊಸ ವಿಳಾಸ. ಬೇಸರದ ಕೆಲಸ ನಿಜ. ಆದ್ರೆ ಸಣ್ಣ ವ್ಯಾಪಾರದ ಸೈಟ್‌ನಲ್ಲಿ 30-40 ಪುಟ ಇರಬಹುದು, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತೆ. ನಾನು ಆ ಒಂದು ಮಧ್ಯಾಹ್ನ ಉಳಿಸೋಕೆ ಹೋಗಿ ಮಾವನ ಒಂದು ಸೀಸನ್ ಕಳೆದೆ.

301 ಅನ್ನೋ ಬೋರ್ಡ್

ಎಲ್ಲಕ್ಕಿಂತ ಒಳ್ಳೇದು ವಿಳಾಸ ಬದಲಾಯಿಸದೇ ಇರೋದು. ಹಳೇ ಪುಟ ಎಲ್ಲಿತ್ತೋ ಹೊಸ ಪುಟ ಅಲ್ಲೇ ಇರಲಿ. ಬದಲಾಯಿಸಲೇಬೇಕು ಅಂದ್ರೆ ಶಟರ್ ಮೇಲಿನ ಬೋರ್ಡ್ ಬೇಕು. ಅದಕ್ಕೆ 301 ರಿಡೈರೆಕ್ಟ್ ಅಂತಾರೆ. "ಈ ಪುಟ ಶಾಶ್ವತವಾಗಿ ಇಂಥಲ್ಲಿಗೆ ಹೋಗಿದೆ" ಅಂತ ಸರ್ವರ್ ಹೇಳೋ ಮಾತು. ಹಳೇ ಪುಟದ ಹೆಸರು ಹೊಸ ಪುಟಕ್ಕೆ ದಾಟುತ್ತೆ, ಅದರಿಂದ ನಷ್ಟ ಆಗಲ್ಲ ಅಂತ ಗೂಗಲ್ ತನ್ನ ಕೈಪಿಡಿಯಲ್ಲೇ ಹೇಳುತ್ತೆ. 302 ಅಂತ ಇನ್ನೊಂದಿದೆ, ಅದು "ಸದ್ಯಕ್ಕೆ ಮಾತ್ರ ಹೋಗಿದೀವಿ" ಅನ್ನೋದಕ್ಕೆ. ಸ್ಥಳಾಂತರಕ್ಕೆ 301 ಹಾಕಿ.

ವರ್ಡ್‌ಪ್ರೆಸ್ ಸೈಟ್ ಆದ್ರೆ ರಿಡೈರೆಕ್ಷನ್ ಅನ್ನೋ ಪ್ಲಗಿನ್ ಇದೆ, ನಿಮ್ಮ ಪಟ್ಟಿಯನ್ನ ಅದರಲ್ಲಿ ತುಂಬಿದ್ರಾಯ್ತು. ಬೇರೆ ಥರದ್ದಾದ್ರೆ ಸರ್ವರ್ ನೋಡ್ಕೊಳ್ಳೋರ ಕೈಗೆ ಪಟ್ಟಿ ಕೊಟ್ಟು "301 ಹಾಕಿ" ಅನ್ನಿ, ಅವರಿಗೆ ಅರ್ಥ ಆಗುತ್ತೆ.

ಇಲ್ಲಿ ಮೂರು ಎಚ್ಚರಿಕೆ. ಹಳೇ ಪುಟಗಳನ್ನೆಲ್ಲಾ ಒಟ್ಟಿಗೆ ಮುಖಪುಟಕ್ಕೆ ಕಳಿಸ್ಬೇಡಿ. ಜಾಲಿ ಕೇಳ್ಕೊಂಡು ಬಂದೋನನ್ನ ಗೇಟ್ ಹತ್ರ ಬಿಟ್ಟಂಗೆ ಅದು, ಗೂಗಲ್ ಕೂಡ ಅಂಥದನ್ನ "ಪುಟ ಇಲ್ಲ" ಅಂತಲೇ ಲೆಕ್ಕ ಹಾಕಬಹುದು. ಜಾಲಿ ಪುಟ ಜಾಲಿ ಪುಟಕ್ಕೇ ಹೋಗಲಿ. ಎರಡನೇದು, ಬೋರ್ಡ್ ಮೇಲೆ ಬೋರ್ಡ್ ಹಾಕ್ಬೇಡಿ. ಹಳೇದರಿಂದ ನೇರ ಕೊನೇ ವಿಳಾಸಕ್ಕೆ ಕಳಿಸಿ. ಮೂರನೇದು, ಬೋರ್ಡನ್ನ ಬೇಗ ತೆಗೀಬೇಡಿ. ಕನಿಷ್ಠ ಒಂದು ವರ್ಷ ಇರಲಿ ಅಂತ ಗೂಗಲ್ ಹೇಳುತ್ತೆ. ನಾನಂತೂ ತೆಗೆಯೋದೇ ಬೇಡ ಅಂತೀನಿ. ಟೆಂಪೋ ಹಿಂದೆ, ಹಳೇ ವಿಸಿಟಿಂಗ್ ಕಾರ್ಡಲ್ಲಿ ಬರೆದಿರೋ ವಿಳಾಸ ಹತ್ತು ವರ್ಷ ಓಡಾಡ್ತಾ ಇರುತ್ತೆ.

ಜನ ಕೇಳೋ ಮಾತು ಪುಟದಲ್ಲಿ ಇರಲಿ

ಮುಳಬಾಗಿಲು ಅನ್ನೋ ಹೆಸರು ಮೂಡಲ ಬಾಗಿಲು ಅನ್ನೋದರಿಂದ ಬಂತು ಅಂತಾರೆ, ಮೂಡಣ ದಿಕ್ಕಿನ ಬಾಗಿಲು. ಈಗ ಅದನ್ನೇ ಜನ ಮೊಬೈಲಲ್ಲಿ ಹೇಗೆ ಬರೀತಾರೆ? ಮುಳಬಾಗಿಲು, ಮುಳುಬಾಗಿಲು, ಮುಳಬಾಗಲು, ಮುಲ್ಬಾಗಲ್. ಇಂಗ್ಲಿಷ್ ಅಕ್ಷರದಲ್ಲಿ ಇನ್ನೂ ನಾಲ್ಕು ಥರ. ಶ್ರೀನಿವಾಸಪುರನೂ ಅಷ್ಟೇ, ಕೆಲವರಿಗೆ ಶ್ರೀನಿವಾಸ್‌ಪುರ್. ರಸ್ತೆ ನೋಡಿ. ಬೆಂಗಳೂರಿಂದ ಕೋಲಾರ, ಮುಳಬಾಗಿಲು ದಾಟಿ ಹೋಗೋ ಹೆದ್ದಾರಿ ಈಗ ಎನ್‌ಎಚ್ 75. ಆದ್ರೆ ನಮ್ಮ ಬಾಯಲ್ಲಿ ಇನ್ನೂ ಎನ್‌ಎಚ್ 4. 2014ರ ನವೆಂಬರ್ 1ಕ್ಕೆ ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿಸಿತು, ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯ್ತು. ಇವತ್ತಿಗೂ ಎಷ್ಟೋ ಜನ ಹುಡುಕೋದು ಹಳೇ ಸ್ಪೆಲ್ಲಿಂಗ್‌ನಲ್ಲೇ.

ಗೂಗಲ್ ಸುಮಾರು ರೂಪಗಳನ್ನ ತಾನೇ ಅರ್ಥ ಮಾಡ್ಕೊಳ್ಳುತ್ತೆ. ಹಾಗಂತ ಎಲ್ಲಾ ಅದರ ಮೇಲೇ ಬಿಡಬೇಡಿ. ಹಳೇ ಸೈಟ್‌ನಲ್ಲಿ "ಎನ್‌ಎಚ್ 4 ರಸ್ತೆ" ಅಂತ ಇದ್ದು, ಅದನ್ನ ಓದಿ ಜನ ಬರ್ತಿದ್ರೆ, ಹೊಸದರಲ್ಲಿ "ಎನ್‌ಎಚ್ 75, ಅಂದ್ರೆ ಹಳೇ ಎನ್‌ಎಚ್ 4" ಅಂತ ಎರಡನ್ನೂ ಬರೀರಿ. ಸರ್ಚ್ ಕನ್ಸೋಲ್‌ನಿಂದ ಇಳಿಸಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತೆ. ಜನ ಯಾವ ಮಾತು ಬಳಸಿ ಬಂದ್ರೋ ಆ ಮಾತು ಹೊಸ ಪುಟದ ಶೀರ್ಷಿಕೆಯಲ್ಲೋ ಒಳಗೋ ಇದೆಯಾ ಅಂತ ಒಂದೊಂದಾಗಿ ನೋಡಿ.

ನಾನು ಅಳತೆ-ತೂಕವನ್ನೆಲ್ಲಾ ಚಿತ್ರದೊಳಗೆ ಹಾಕಿದ್ದೆ ಅಂದೆನಲ್ಲ, ಅದು ಎರಡನೇ ತಪ್ಪು. ಚಿತ್ರದೊಳಗಿನ ಅಕ್ಷರವನ್ನ ನಂಬಿ ಗೂಗಲ್ ನಿಮ್ಮನ್ನ ಮೇಲಕ್ಕೆ ತರುತ್ತೆ ಅಂತ ಕಾಯಬೇಡಿ. "100 ಚದರ ಅಡಿಗೆ ಎಷ್ಟು ಹೆಂಚು" ಅಂತ ಕೇಳೋನಿಗೆ ಉತ್ತರ ಅಕ್ಷರದಲ್ಲೇ ಇರ್ಬೇಕು. ಘೋಷವಾಕ್ಯವನ್ನ ಯಾರೂ ಹುಡುಕಲ್ಲ.

ಕನ್ನಡದಂತೆ ಕಾಣೋ ಕನ್ನಡ

ಇದು ನಮ್ಮ ಭಾಷೆಯ ಸೈಟ್‌ಗಳಿಗೆ ಇರೋ ಸಮಸ್ಯೆ. ಹತ್ತು-ಹದಿನೈದು ವರ್ಷ ಹಿಂದಿನ ಎಷ್ಟೋ ಕನ್ನಡ ಪುಟಗಳು ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಇವೆ. ಪರದೆ ಮೇಲೆ "ಮಾವು" ಅಂತಲೇ ಕಾಣುತ್ತೆ. ಆದ್ರೆ ಒಳಗೆ ಕಂಪ್ಯೂಟರ್ ಇಟ್ಟುಕೊಂಡಿರೋದು ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಕಿಚಡಿ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತೆ ಅಷ್ಟೇ. ಪರೀಕ್ಷೆ ಸುಲಭ. ಆ ಸಾಲನ್ನ ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಪೇಸ್ಟ್ ಮಾಡಿ. ಅರ್ಥವಾಗದ ಚಿಹ್ನೆಗಳು ಬಂದ್ರೆ ಅದು ಯೂನಿಕೋಡ್ ಅಲ್ಲ. ನಿಮ್ಮ ಫೋನಲ್ಲಿ ನೀವು ಟೈಪ್ ಮಾಡೋ "ಮಾವು" ಯೂನಿಕೋಡ್. ಎರಡೂ ಒಂದಕ್ಕೊಂದು ಸಿಗೋದೇ ಇಲ್ಲ.

ಹಾಗಾಗಿ ಇಂಥ ಪುಟಗಳಿಗೆ ಹೊಸ ಸೈಟ್ ನಿಜವಾಗ್ಲೂ ಲಾಭ. ನುಡಿ, ಬರಹ ಎರಡರಲ್ಲೂ ಯೂನಿಕೋಡ್‌ಗೆ ಬದಲಾಯಿಸೋ ಸೌಲಭ್ಯ ಇದೆ. ಬದಲಾಯಿಸಿದ ಮೇಲೆ ಒಂದು ಸಲ ಕಣ್ಣಾರೆ ಓದಿ. ಒತ್ತಕ್ಷರ, ಅರ್ಕಾವತ್ತು ಇರೋ ಕಡೆ ತಪ್ಪು ನುಸುಳುತ್ತೆ.

ಗೂಗಲ್ ನೋಡೋದು ಫೋನಿನ ಕಣ್ಣಲ್ಲಿ

ಗೂಗಲ್ 2016ರಲ್ಲಿ ಘೋಷಿಸಿ 2023ರ ಅಕ್ಟೋಬರ್ ಹೊತ್ತಿಗೆ ಮುಗಿಸಿದ ಬದಲಾವಣೆ ಒಂದಿದೆ. ಅದು ಈಗ ಸೈಟ್‌ನ ಮೊಬೈಲ್ ರೂಪವನ್ನೇ ಓದಿ ಲೆಕ್ಕಕ್ಕೆ ತಗೊಳ್ಳುತ್ತೆ. ಕಂಪ್ಯೂಟರಲ್ಲಿ ಪೂರ್ತಿ ವಿವರ, ಫೋನಲ್ಲಿ ಜಾಗ ಸಾಲಲ್ಲ ಅಂತ ಅರ್ಧ ತೆಗೆದ್ರೆ, ಆ ಅರ್ಧ ಗೂಗಲ್‌ಗೂ ಇಲ್ಲ.

ವೇಗಕ್ಕೂ ಅಳತೆ ಇದೆ. ಪುಟದ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು. ಬಟನ್ ಒತ್ತಿದ್ರೆ 200 ಮಿಲಿಸೆಕೆಂಡ್ ಒಳಗೆ ಸ್ಪಂದಿಸಬೇಕು, ಈ ಎರಡನೇ ಅಳತೆ 2024ರ ಮಾರ್ಚ್‌ನಲ್ಲಿ ಸೇರಿತು. ಫೋನಲ್ಲಿ ತೆಗೆದ 4-5 ಎಂಬಿ ಫೋಟೋವನ್ನ ಹಾಗೇ ಏರಿಸಿದ್ರೆ ಇದು ಆಗಲ್ಲ, ಕುಗ್ಗಿಸಿ ಹಾಕಿ. ಆದ್ರೆ ವೇಗ ಒಂದೇ ನಿಮ್ಮನ್ನ ಮೇಲೆ ತರಲ್ಲ. ಉತ್ತರ ಇಲ್ಲದ ಪುಟ ಎಷ್ಟು ವೇಗವಾಗಿ ಬಂದ್ರೂ ಉತ್ತರ ಇಲ್ಲದ ಪುಟವೇ.

ಯಾವಾಗ ಬದಲಾಯಿಸೋದು?

ಶ್ರೀನಿವಾಸಪುರದ ಮಾವಿನ ವ್ಯಾಪಾರದ ಸೈಟನ್ನ ಮೇ-ಜೂನ್‌ನಲ್ಲಿ ಮುಟ್ಟಬೇಡಿ. ಸಣ್ಣ-ಮಧ್ಯಮ ಸೈಟ್ ಕೂಡ ಗೂಗಲ್‌ನಲ್ಲಿ ಹೊಸ ವಿಳಾಸಕ್ಕೆ ಕೂತ್ಕೊಳ್ಳೋಕೆ ಕೆಲವು ವಾರ ಬೇಕು, ಎಲ್ಲಾ ಸರಿಯಾಗಿ ಮಾಡಿದ್ರೂ ನಡುವೆ ಸ್ವಲ್ಪ ಏರಿಳಿತ ಇರುತ್ತೆ. ಆ ಏರಿಳಿತ ಸೀಸನ್ ಮುಗಿದ ಮೇಲೆ ಆಗಲಿ. ಟೊಮೆಟೊ ಸಂಬಂಧದ ಸೈಟ್ ಆದ್ರೆ, 2023ರ ಜುಲೈ ನೆನಪಿಸ್ಕೊಳ್ಳಿ. ಬೆಲೆ ಏರಿದಾಗ ಇಡೀ ದೇಶ ಕೋಲಾರ ಮಾರುಕಟ್ಟೆ ಕಡೆ ನೋಡ್ತಿತ್ತು. ಅಂಥ ವಾರದಲ್ಲಿ ಸೈಟ್ ಕೆಳಗಿಳಿದಿದ್ರೆ? ಹೆಂಚು-ಇಟ್ಟಿಗೆಗೆ ಮಳೆಗಾಲವೇ ಸರಿ.

ಡೊಮೇನ್ ಹೆಸರು, ಡಿಸೈನ್, ಪುಟಗಳ ವಿಳಾಸ, ಎಲ್ಲಾ ಒಂದೇ ದಿನ ಬದಲಾಯಿಸ್ಬೇಡಿ. ಏನಾದ್ರೂ ಕೆಟ್ರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗಲ್ಲ. ಡೊಮೇನ್ ಬದಲಾಯಿಸಲೇಬೇಕಾದ್ರೆ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆ ತಿಳಿಸೋ ಸಾಧನ ಇದೆ. ಹಳೇ ಡೊಮೇನ್‌ನ ಬಾಡಿಗೆ ಮಾತ್ರ ಕಟ್ತಾ ಇರಿ, ಬಿಟ್ರೆ ಬೇರೆಯವರು ತಗೋಬಹುದು.

ಬಿಡುಗಡೆ ದಿನ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಒಂದು ಟಿಕ್ ಗುರುತು. ಹೊಸ ಸೈಟ್ ಕಟ್ಟೋವಾಗ ಗೂಗಲ್ ಒಳಗೆ ಬರದಂತೆ ಬಾಗಿಲು ಹಾಕಿರ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಓದುವ ಸೆಟ್ಟಿಂಗ್ಸ್ ಅಡಿಯಲ್ಲಿ ಅದಕ್ಕೊಂದು ಚೌಕ ಇದೆ. ಅದನ್ನ ತೆಗೆಯೋಕೆ ಮರೆತ್ರೆ ಇಡೀ ಸೈಟ್ ಗೂಗಲ್‌ನಿಂದ ಮಾಯ. ಆಮೇಲೆ ಹೊಸ ಸೈಟ್‌ಮ್ಯಾಪ್ ಕೊಡಿ, ಪಟ್ಟಿಯಲ್ಲಿರೋ ಹಳೇ ವಿಳಾಸಗಳನ್ನ ಒಂದೊಂದಾಗಿ ಫೋನಲ್ಲಿ ತೆಗೆದು ಸರಿಯಾದ ಕಡೆ ಹೋಗ್ತಿದೆಯಾ ನೋಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್, ಜಸ್ಟ್‌ಡಯಲ್, ಇಂಡಿಯಾಮಾರ್ಟ್‌ಗಳಲ್ಲಿರೋ ಲಿಂಕ್ ಸರಿಪಡಿಸಿ.

ಉಚಿತ ಸೈಟ್‌ನ ಪಾಠ

ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಮೊದಲು ಉಚಿತ ವೆಬ್‌ಸೈಟ್ ಸಿಗ್ತಿತ್ತು, ವಿಳಾಸದ ಕೊನೇಲಿ ಬಿಸಿನೆಸ್ ಡಾಟ್ ಸೈಟ್ ಅಂತ ಇರ್ತಿತ್ತು. ಎಷ್ಟೋ ಸಣ್ಣ ಅಂಗಡಿಗಳಿಗೆ ಅದೇ ವೆಬ್‌ಸೈಟ್. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನ ನಿಲ್ಲಿಸ್ತು. ಹಳೇ ವಿಳಾಸಕ್ಕೆ ಬಂದವರನ್ನ ಜೂನ್ 10ರವರೆಗೆ ಮಾತ್ರ ಪ್ರೊಫೈಲ್‌ಗೆ ಕಳಿಸ್ತಿತ್ತು, ಆಮೇಲೆ ಆ ವಿಳಾಸಗಳೇ ಸತ್ತವು. ಅಂಗಡಿಯೋರು ಏನೂ ತಪ್ಪು ಮಾಡಿರಲಿಲ್ಲ. ಆದ್ರೆ ಶಟರ್ ಅವರದಾಗಿರಲಿಲ್ಲ, ಬೋರ್ಡ್ ಹಾಕೋ ಹಕ್ಕೂ ಇರಲಿಲ್ಲ. ಅದಕ್ಕೇ ಹೇಳೋದು, ವರ್ಷಕ್ಕೆ ಸ್ವಲ್ಪ ದುಡ್ಡು ಹೋದ್ರೂ ಸ್ವಂತ ಡೊಮೇನ್ ಇರಲಿ.

ಈಗಾಗ್ಲೇ ಕೆಟ್ಟಿದ್ರೆ?

ನನ್ನ ಹಾಗೆ ಕೆಡಿಸಿಕೊಂಡವರಿಗೂ ದಾರಿ ಇದೆ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೇ ಸೈಟ್‌ನ ವಿಳಾಸ ಹಾಕಿದೆ. ಓಡೋ ಅಕ್ಷರಗಳ ಸಮೇತ ಮಾವನ ಹಳೇ ಪುಟಗಳಲ್ಲಿ ಮುಕ್ಕಾಲು ಭಾಗ ಅಲ್ಲಿತ್ತು. ಸರ್ಚ್ ಕನ್ಸೋಲ್‌ನಲ್ಲಿ 404 ಆದ ವಿಳಾಸಗಳ ಪಟ್ಟಿ ಸಿಕ್ತು. ಎರಡನ್ನೂ ಹೊಂದಿಸಿ, ಒಂದೊಂದು ಸರಕಿಗೆ ಮತ್ತೆ ಒಂದೊಂದು ಪುಟ ಮಾಡಿ, ಹಳೇ ಬರಹವನ್ನ ಅಕ್ಷರದಲ್ಲೇ ಹಾಕಿ, 301 ಕೊಟ್ಟೆ.

ಮಳೆಗಾಲ ಮುಗಿಯೋ ಹೊತ್ತಿಗೆ ಫೋನ್ ಬರೋಕೆ ಶುರುವಾಯ್ತು. ಎಲ್ಲಾ ಪುಟಗಳೂ ಹಳೇ ಜಾಗಕ್ಕೆ ವಾಪಸ್ ಬರಲಿಲ್ಲ. ನಡುವೆ ಆ ಜಾಗದಲ್ಲಿ ಬೇರೆಯವರು ಕೂತಿದ್ರು. ಬೋರ್ಡ್ ಹಾಕೋದು ಒಂದು ಮಧ್ಯಾಹ್ನದ ಕೆಲಸ, ಕಳೆದ ಜಾಗ ಹಿಡಿಯೋದು ತಿಂಗಳುಗಳ ಕೆಲಸ.

ಕೊನೆಗೆ ಒಂದು ಮನೆಕೆಲಸ. ಫೋನ್ ಕೈಯಲ್ಲೇ ಇದೆಯಲ್ಲ, ಗೂಗಲ್ ತೆಗೆದು ಇಂಗ್ಲಿಷ್‌ನಲ್ಲಿ ಸೈಟ್ ಅಂತ ಟೈಪ್ ಮಾಡಿ, ಪಕ್ಕದಲ್ಲಿ ಕೋಲನ್, ಅಂದ್ರೆ ಎರಡು ಚುಕ್ಕೆ, ಜಾಗ ಬಿಡದೆ ನಿಮ್ಮ ಮನೆಯ ವ್ಯಾಪಾರದ ವೆಬ್‌ಸೈಟ್ ವಿಳಾಸ. ಗೂಗಲ್‌ಗೆ ನಿಮ್ಮ ಯಾವ್ಯಾವ ಪುಟ ಗೊತ್ತು ಅಂತ ಸುಮಾರಾಗಿ ಕಾಣುತ್ತೆ. ಹೊಸ ಡಿಸೈನ್ ಬಗ್ಗೆ ಮನೇಲಿ ಮಾತು ಶುರುವಾಗೋ ಮುಂಚೆ ಆ ಪಟ್ಟಿಯನ್ನ ದೊಡ್ಡೋರಿಗೆ ತೋರಿಸಿ. "ಇದು ನಾವು ಇಷ್ಟು ವರ್ಷ ಸಂಪಾದಿಸಿರೋದು, ಮೊದಲು ಇದನ್ನ ಉಳಿಸೋಣ" ಅಂತ ಹೇಳಿ.